ಡಿ ಮೋಡ್‌ನಲ್ಲಿ ಎಳೆಯದ ಕಾರು: ಒಂದು ಪಿಕಪ್ ದೂರಿನ ಪ್ರಕರಣ ಅಧ್ಯಯನ

ಆಟೊಮ್ಯಾಟಿಕ್ ಕಾರುಗಳ ಬಗ್ಗೆ ನಮ್ಮ ವರ್ಕ್‌ಶಾಪ್‌ಗೆ ಬರುವ ದೂರುಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಡಿ-ಯಲ್ಲಿ ಪಿಕಪ್ ಇಲ್ಲ, ಎಸ್‌ಗೆ ಹಾಕಿದ್ರೆ ಹಾರುತ್ತೆ." ಡಿ ಅಂದರೆ ಡ್ರೈವ್, ದಿನನಿತ್ಯದ ಓಟದ ಮೋಡ್. ಎಸ್ ಅಂದರೆ ಸ್ಪೋರ್ಟ್, ಚುರುಕು ಓಟದ್ದು. ಕೇಳಿದ ಕೂಡಲೇ ಗೇರ್‌ಬಾಕ್ಸ್ ಮೇಲೋ ಇಂಜಿನ್ ಸಾಫ್ಟ್‌ವೇರ್ ಮೇಲೋ ಅನುಮಾನ ಹೋಗುವುದು ಸಹಜ. ಈ ಪ್ರಕರಣದಲ್ಲೂ ಹಾಗೇ ಆಗಿತ್ತು, ಆದರೆ ತಪ್ಪು ಇದ್ದದ್ದು ಅವೆರಡರಲ್ಲೂ ಅಲ್ಲ. ಮಾಲೀಕರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕಾರಿನ ಹೆಸರನ್ನೂ ಹೇಳುವುದಿಲ್ಲ, ಯಾಕೆಂದರೆ ಇದು ಆ ಮಾಡೆಲ್‌ನ ದೋಷವಲ್ಲ. ಯಾವ ಕಂಪನಿಯ ಕಾರಿನಲ್ಲಾದರೂ ಆಗಬಹುದಾದದ್ದು.

ಹಿನ್ನೆಲೆ

ಕಾರು 1.0 ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್. ಗೇರ್‌ಬಾಕ್ಸ್ ಆರು ಗೇರಿನ ಟಾರ್ಕ್ ಕನ್ವರ್ಟರ್, ಅಂದರೆ ಇಂಜಿನ್‌ನ ಎಳೆತವನ್ನು ಎಣ್ಣೆಯ ಮೂಲಕ ದಾಟಿಸುವ ಆಟೊಮ್ಯಾಟಿಕ್. ಲಿವರ್ ಕೆಳಗೆಳೆದರೆ ಡಿ, ಇನ್ನೊಮ್ಮೆ ಎಳೆದರೆ ಎಸ್. ಪಕ್ಕಕ್ಕೆ ತಳ್ಳಿದರೆ ಎಂ, ಅಂದರೆ ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ನಾವೇ ಗೇರ್ ಬದಲಿಸುವುದು. ಮಾಲೀಕರು ಮಲೆನಾಡಿನ ಬೆಳೆಗಾರರು, ಐವತ್ತು ದಾಟಿದವರು, ಅಲ್ಲಿವರೆಗೆ ಓಡಿಸಿದ್ದೆಲ್ಲ ಡೀಸೆಲ್ ಮ್ಯಾನ್ಯುಯಲ್ ಗಾಡಿಗಳು. ಮಂಗಳೂರಿಗೆ ಹೋಗಿಬರುವ ದಾರಿ ಶಿರಾಡಿ ಘಾಟಿ. ಆ ರಸ್ತೆ ಗೊತ್ತಿರುವವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ: ಗ್ಯಾಸ್ ಟ್ಯಾಂಕರ್ ಹಿಂದೆ ಟ್ಯಾಂಕರ್, ನಡುವೆ ಕೆಎಸ್‌ಆರ್‌ಟಿಸಿ ಬಸ್ಸು, ಓವರ್‌ಟೇಕ್‌ಗೆ ಸಿಗುವ ಜಾಗ ಚೂರುಪಾರು.

ಅವರ ದೂರು ಅವರದೇ ಮಾತಿನಲ್ಲಿ: "ಟ್ಯಾಂಕರ್ ಪಕ್ಕಕ್ಕೆ ಬಂದ್ಮೇಲೆ ಯೋಚ್ನೆ ಮಾಡುತ್ತೆ ಮಾರಾಯ್ರೆ ಈ ಗಾಡಿ. ಎದುರಿಗೆ ಬಸ್ ಬರ್ತಾ ಇರುತ್ತೆ, ಇದು ಇನ್ನೂ ಗೇರ್ ಹುಡುಕ್ತಾ ಇರುತ್ತೆ."

ಕಾರು ಕೊಂಡ ಹೊಸದರಲ್ಲಿ ಹೀಗಿರಲಿಲ್ಲ. ಒಂದು ಸರ್ವಿಸ್ ಆದಮೇಲೆ ಶುರುವಾಯಿತು, ಆ ಸರ್ವಿಸ್‌ನಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದರು, ಮೈಲೇಜ್ ಹೆಚ್ಚಿಸಲು ಪವರ್ ಇಳಿಸಿರಬೇಕು ಎಂಬುದು ಅವರ ಗಟ್ಟಿ ನಂಬಿಕೆ. ಸರ್ವಿಸ್ ಸೆಂಟರ್‌ನವರು ಸ್ಕ್ಯಾನರ್ ಹಾಕಿ ನೋಡಿ, ಯಾವ ಎರರ್ ಕೋಡೂ ಇಲ್ಲ, ಗಾಡಿ ಸರಿಯಾಗಿದೆ ಎಂದು ಕಳಿಸಿದ್ದರು. ಎರರ್ ಕೋಡ್ ಇಲ್ಲದಿದ್ದರೆ ತೊಂದರೆಯೂ ಇಲ್ಲ ಎನ್ನುವ ಅಭ್ಯಾಸ ನಮ್ಮ ಕಸುಬಿನಲ್ಲಿ ಎಷ್ಟು ಬೇರೂರಿದೆ ಎಂಬುದು ಬೇರೆಯೇ ಚರ್ಚೆ.

ನಮ್ಮಲ್ಲಿಗೆ ಬರುವ ಮೊದಲು ಮಾಡಿದ್ದು

ಏರ್ ಫಿಲ್ಟರ್ ಬದಲಾಗಿತ್ತು. ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕ್ಲೀನ್ ಆಗಿತ್ತು. ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿಸಿ ನೋಡಿದ್ದರು. ಯಾವುದರಿಂದಲೂ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ.

ಆಮೇಲೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊಬೈಲ್ ಸ್ಟಾಪ್‌ವಾಚ್ ಹಿಡಿದು, ಮೂರೂ ಮೋಡ್‌ಗಳಲ್ಲಿ ಸೊನ್ನೆಯಿಂದ ನೂರು ಕಿ.ಮೀ. ವೇಗ ಮುಟ್ಟುವ ಸಮಯ ಬರೆದುಕೊಂಡಿದ್ದರು. ಡಿ-ಯಲ್ಲಿ 13 ಸೆಕೆಂಡಿನ ಮೇಲೆ, ಎಸ್‌ನಲ್ಲಿ 11 ಚಿಲ್ಲರೆ, ಎಂ-ನಲ್ಲಿ ಮತ್ತೆ 13ರ ಹತ್ತಿರ. ಈ ಕಾಗದ ತೋರಿಸಿ ಬೆಂಗಳೂರಿನ ಒಬ್ಬರ ಹತ್ತಿರ ರೀಮ್ಯಾಪ್ (ಪವರ್ ಹೆಚ್ಚಿಸಲು ಇಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ತಿದ್ದುವುದು) ಮಾಡಿಸುವುದೆಂದು ನಿಶ್ಚಯಿಸಿ ಅಡ್ವಾನ್ಸ್ ಕೂಡ ಕೊಟ್ಟಾಗಿತ್ತು. ವಾರಂಟಿ ಹೋಗುತ್ತದೆಯೇ ಎಂದು ಕೇಳಲು ನಮ್ಮಲ್ಲಿಗೆ ಬಂದದ್ದು. ಹೋಗುತ್ತದೆ ಅಂದೆವು. ಹಾಗಾದರೆ ಮೊದಲು ನೀವೊಮ್ಮೆ ನೋಡಿ ಅಂದರು.

ಆ ಕಾಗದದ ಅಂಕಿಗಳನ್ನು ಹಾಗೇ ನಂಬುವಂತಿರಲಿಲ್ಲ. ಸ್ಪೀಡೋಮೀಟರ್ ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಅದು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ, ಶೇ. 10 ಮತ್ತು ಅದರ ಮೇಲೆ 4 ಕಿ.ಮೀ.ವರೆಗೆ ಹೆಚ್ಚು ತೋರಿಸಬಹುದು. ಅಂದರೆ ನಿಜವಾದ 80ರಲ್ಲಿ ಮುಳ್ಳು 92 ತೋರಿಸಿದರೂ ನಿಯಮದೊಳಗೇ ಇದೆ. ಮೋಡ್‌ನಿಂದ ಮೋಡ್‌ಗೆ ಹೋಲಿಸಲು ಇದು ಅಡ್ಡಿಯಾಗದು, ತಪ್ಪು ಎಲ್ಲದರಲ್ಲೂ ಒಂದೇ. ಆದರೆ ಡಿ ಎಲ್ಲವನ್ನೂ ಮೊದಲು, ಎಸ್ ಎಲ್ಲವನ್ನೂ ಆಮೇಲೆ, ಎಂ ಕೊನೆಗೆ ಮಾಡಿದ್ದರು. ಇಂಜಿನ್ ತಣ್ಣಗಿದ್ದಾಗ ಒಂದು, ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರ್ ಕಾದಮೇಲೆ ಇನ್ನೊಂದು. ಎಲ್ಲ ಓಟವೂ ಒಂದೇ ದಿಕ್ಕಿಗೆ, ಅದೂ ಕಣ್ಣಿಗೆ ಕಾಣದಷ್ಟು ಇಳಿಜಾರಿನ ರಸ್ತೆಯಲ್ಲಿ. ಎಂ-ನಲ್ಲಿ ಗೇರ್ ಏರಿಸುವುದು ಅವರ ಡೀಸೆಲ್ ಕಾಲದ ಅಭ್ಯಾಸದಂತೆ, 3,500 ಆರ್‌ಪಿಎಂ ಹತ್ತಿರ. ಅಲ್ಲಿ ಸೋತದ್ದು ಮೋಡ್ ಅಲ್ಲ, ಕೈ.

ಇಷ್ಟೆಲ್ಲ ಲೋಪ ಕಳೆದರೂ ಡಿ-ಗೂ ಎಸ್‌ಗೂ ನಡುವಿನ ಸುಮಾರು ಎರಡು ಸೆಕೆಂಡು ಕಣ್ಣಿಗೆ ಹೊಡೆಯುತ್ತಿತ್ತು. ಅಷ್ಟು ಇರಬಾರದು.

ಯಾಕೆ ಇರಬಾರದು ಎಂದು ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ಕಾರುಗಳಲ್ಲಿ ಎಸ್ ಮೋಡ್ ಇಂಜಿನ್‌ಗೆ ಹೊಸ ಶಕ್ತಿ ಕೊಡುವುದಿಲ್ಲ. ಕಾಲಿನ ಒತ್ತಡವನ್ನು ಓದುವ ರೀತಿಯನ್ನು ಬದಲಿಸುತ್ತದೆ: ಅರ್ಧ ಒತ್ತಿದರೂ ಥ್ರಾಟಲ್ ಹೆಚ್ಚು ತೆರೆಯುತ್ತದೆ, ಗೇರ್ ತಡವಾಗಿ ಏರುತ್ತದೆ, ಬೇಗ ಇಳಿಯುತ್ತದೆ. ಪೆಡಲ್ ತಳಮುಟ್ಟ ಒತ್ತಿದಾಗ ಓದುವುದಕ್ಕೆ ಬೇರೇನೂ ಉಳಿದಿರುವುದಿಲ್ಲ. ಡಿ-ಯಲ್ಲೂ ಮೊದಲ ಗೇರ್, ಎಸ್‌ನಲ್ಲೂ ಮೊದಲ ಗೇರ್. ಎರಡರಲ್ಲೂ ಗೇರ್ ಏರುವುದು ರೆಡ್‌ಲೈನ್, ಅಂದರೆ ಇಂಜಿನ್‌ನ ಗರಿಷ್ಠ ಆರ್‌ಪಿಎಂ ಹತ್ತಿರವೇ. ಹಾಗಾಗಿ ನಿಂತಲ್ಲಿಂದ ಪೂರ್ತಿ ಒತ್ತಿ ಹೊರಟರೆ ಎರಡೂ ಹೆಚ್ಚುಕಡಿಮೆ ಒಂದೇ ಸಮಯ ಕೊಡಬೇಕು. ಪೋರ್ಷೆಯಂಥ ಕಾರುಗಳ ಲೆಕ್ಕ ಬೇರೆ. 2015ರಲ್ಲಿ ಬಂದ 911 ಕ್ಯಾರೆರಾ ಎಸ್‌ಗೆ ಕಂಪನಿಯೇ ಸೊನ್ನೆಯಿಂದ ನೂರಕ್ಕೆ ಮೂರು ಅಂಕಿ ಕೊಟ್ಟಿತ್ತು: ಮ್ಯಾನ್ಯುಯಲ್‌ಗೆ 4.3, ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಆದ ಡ್ಯುಯಲ್ ಕ್ಲಚ್‌ಗೆ 4.1, ಅದಕ್ಕೇ ಸ್ಪೋರ್ಟ್ ಕ್ರೋನೊ ಎಂಬ ಹೆಚ್ಚುವರಿ ಪ್ಯಾಕೇಜ್ ಸೇರಿದರೆ 3.9 ಸೆಕೆಂಡು. ಆ ಕೊನೆಯ ಲಾಭ ಬರುವುದು ಮುಖ್ಯವಾಗಿ ನಿಂತಲ್ಲಿಂದ ಆದಷ್ಟು ಬಿರುಸಾಗಿ ಹೊರಡಿಸುವ ಲಾಂಚ್ ಕಂಟ್ರೋಲ್‌ನಿಂದ, ಅಂದರೆ ಹೊರಡುವ ಕ್ಷಣದಲ್ಲಿ. ಅಷ್ಟು ದೊಡ್ಡ ಸಾಧನಕ್ಕೇ 0.2 ಸೆಕೆಂಡು ದಕ್ಕುವುದಾದರೆ, ಲಾಂಚ್ ಕಂಟ್ರೋಲೇ ಇಲ್ಲದ ಸಣ್ಣ ಟರ್ಬೊದಲ್ಲಿ ಮೋಡ್ ಬದಲಿಸಿದ್ದಕ್ಕೆ ಎರಡು ಸೆಕೆಂಡು ಎಲ್ಲಿಂದ ಬರಬೇಕು?

ಅಳೆಯುವ ಮೊದಲು ತೆಗೆದುಕೊಂಡ ಎರಡು ತೀರ್ಮಾನ

ಮೊದಲನೆಯದು ಜಾಗ. ಹೆದ್ದಾರಿಯಲ್ಲಿ ಮಾಡುವುದಿಲ್ಲ ಎಂದು ಮೊದಲೇ ಹೇಳಿದೆವು. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನಗಳ ರೇಸ್, ವೇಗದ ಪರೀಕ್ಷೆಗಳನ್ನು ನಿಷೇಧಿಸುತ್ತದೆ. ಕಾನೂನು ಪಕ್ಕಕ್ಕಿಟ್ಟರೂ, ದನ ಅಡ್ಡ ಬರುವ ರಸ್ತೆಯಲ್ಲಿ ಅಳತೆ ಮಾಡಿ ಪ್ರಯೋಜನವಿಲ್ಲ. ಹಂಗಾಮು ಮುಗಿದ ಕಾರ್ಖಾನೆಯೊಂದರ ಒಳಗೆ, ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಲ್ಲಲು ಮಾಡಿದ ನೇರ ಕಾಂಕ್ರೀಟ್ ರಸ್ತೆ ಪರಿಚಯದವರಿಂದ ಸಿಕ್ಕಿತು. ಎರಡೂ ಕಡೆ ಗೇಟ್ ಹಾಕಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿ, 80ಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ಗೊತ್ತುಮಾಡಿಕೊಂಡೆವು.

ಎರಡನೆಯದು ಇಡೀ ಪ್ರಕರಣದ ದಿಕ್ಕು ತಿರುಗಿಸಿದ್ದು: ಸೊನ್ನೆಯಿಂದ ನೂರನ್ನು ಕೈಬಿಟ್ಟೆವು. ಮಾಲೀಕರ ಕಷ್ಟ ಸಿಗ್ನಲ್‌ನಲ್ಲಿ ಹೊರಡುವುದಲ್ಲ, 40ರಲ್ಲಿ ಟ್ಯಾಂಕರ್ ಹಿಂದೆ ತೆವಳುತ್ತಿದ್ದು ಒಮ್ಮೆಲೇ ದಾಟುವುದು. ಅಳೆಯಬೇಕಾದದ್ದು 40ರಿಂದ 80.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ವಿಡಿಯೋಗಳಲ್ಲಿ ತಪ್ಪಿಹೋಗುವಂಥದ್ದು. ಜಿಪಿಎಸ್ ಟೈಮರ್‌ಗಳು ವೇಗ 40 ದಾಟಿದ ಕ್ಷಣದಿಂದ ಲೆಕ್ಕ ಶುರುಮಾಡುತ್ತವೆ. ಆದರೆ ಚಾಲಕ ಪೆಡಲ್ ಒತ್ತಿದ್ದು ಅದಕ್ಕಿಂತ ಮುಂಚೆ. ಒತ್ತಿದಮೇಲೆ ಗೇರ್‌ಬಾಕ್ಸ್ ಎರಡು ಗೇರ್ ಇಳಿಸಬೇಕು, ಟರ್ಬೊ ಗಾಳಿ ತುಂಬಬೇಕು. ಅಷ್ಟು ಹೊತ್ತು ಕಾರು 40ರಲ್ಲೇ ಇರುತ್ತದೆ, ಟೈಮರ್ ಸುಮ್ಮನಿರುತ್ತದೆ. ಓವರ್‌ಟೇಕ್‌ನಲ್ಲಿ ಜೀವ ಬಾಯಿಗೆ ಬರುವುದು ಸರಿಯಾಗಿ ಆ ಹೊತ್ತಿನಲ್ಲೇ. ಹಾಗಾಗಿ ಒಬಿಡಿ ಪೋರ್ಟ್‌ನಿಂದ (ಸ್ಕ್ಯಾನರ್ ಸಿಕ್ಕಿಸುವ ಜಾಗ) ಪೆಡಲ್, ಆರ್‌ಪಿಎಂ, ವೇಗ ಮೂರನ್ನೂ ಒಟ್ಟಿಗೆ ದಾಖಲಿಸಿ, ಲೆಕ್ಕವನ್ನು ಕಾಲು ಒತ್ತಿದ ಕ್ಷಣದಿಂದ ಶುರುಮಾಡಿದೆವು. ವೇಗಕ್ಕೆ ಸೆಕೆಂಡಿಗೆ ಹತ್ತು ಸಲ ಓದುವ ಜಿಪಿಎಸ್ ಪೆಟ್ಟಿಗೆ ಬೇರೆ ಇತ್ತು. ಮೊಬೈಲ್ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದೇ ಸಲ ಓದುತ್ತದೆ, ಅರ್ಧ ಸೆಕೆಂಡಿನ ವ್ಯತ್ಯಾಸ ಹುಡುಕುವಾಗ ಅದನ್ನು ನಂಬಲಾಗದು. ಎರಡೂ ದಿಕ್ಕಿಗೆ ಓಡಿಸಿದೆವು, ಮೋಡ್‌ಗಳನ್ನು ಕಲಸಿ ಓಡಿಸಿದೆವು, ನಡುನಡುವೆ ತಣಿಯಲು ಬಿಟ್ಟೆವು, ಎಸಿ ಇಡೀ ಹೊತ್ತು ಹಾಕೇ ಇಟ್ಟೆವು. ಘಾಟಿಯಲ್ಲಿ ಯಾರೂ ಎಸಿ ಆರಿಸಿ ಓವರ್‌ಟೇಕ್ ಮಾಡುವುದಿಲ್ಲವಲ್ಲ.

ಮೊದಲ ಸುತ್ತಿನಲ್ಲಿ ಕಂಡದ್ದು

ಕಾಲು ಒತ್ತಿದ್ದರಿಂದ 80 ಮುಟ್ಟುವವರೆಗೆ ಡಿ-ಯಲ್ಲಿ ಆರೂವರೆ ಸೆಕೆಂಡಿನ ಮೇಲೆ. ಎಸ್‌ನಲ್ಲಿ ಐದರ ಆಸುಪಾಸು. ಎಂ-ನಲ್ಲಿ ಮೊದಲೇ ಎರಡನೇ ಗೇರ್‌ಗೆ ಇಳಿಸಿಟ್ಟು ಒತ್ತಿದರೆ ನಾಲ್ಕೂವರೆ. ಅಂದರೆ ಮಾಲೀಕರ ಕಾಗದದಲ್ಲಿ ಡಿ-ಯಷ್ಟೇ ಹಿಂದೆ ಉಳಿದಿದ್ದ ಎಂ ಇಲ್ಲಿ ಎಲ್ಲಕ್ಕಿಂತ ಮುಂದೆ ಬಂತು. ಗೇರ್ ಇಳಿಯುವ ಹೊತ್ತನ್ನು ಅದು ಮುಂಚೆಯೇ ತೀರಿಸಿಟ್ಟಿರುತ್ತದೆ.

ಡಿ-ಗೂ ಎಸ್‌ಗೂ ನಡುವಿನ ಒಂದೂವರೆ ಸೆಕೆಂಡು ಸಣ್ಣದಲ್ಲ. 60ರ ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ, ಎದುರಿನ ಬಸ್ಸೂ ಅಷ್ಟೇ ಬರುತ್ತದೆ. ಒಂದೂವರೆ ಸೆಕೆಂಡೆಂದರೆ ಇಬ್ಬರ ನಡುವಿನ 50 ಮೀಟರ್ ರಸ್ತೆ. ಮಾಲೀಕರು ಉತ್ಪ್ರೇಕ್ಷೆ ಮಾಡಿರಲಿಲ್ಲ.

ದಾಖಲೆಯ ಗೆರೆಗಳನ್ನು ಒಂದರ ಮೇಲೊಂದಿಟ್ಟು ನೋಡಿದಾಗ ಕಾರಣದ ಅರ್ಧ ಸಿಕ್ಕಿತು. ಡಿ-ಯಲ್ಲಿ ಆರ್‌ಪಿಎಂ 2,000ದ ಹತ್ತಿರಕ್ಕೆ ಏರಿ ಅಲ್ಲಿಂದ ನಿಧಾನವಾಗಿ ಹತ್ತುತ್ತಿತ್ತು. ಎಸ್‌ನಲ್ಲಿ ಒಂದೇ ನೆಗೆತಕ್ಕೆ 3,000. ಅಂದರೆ ಡಿ-ಯಲ್ಲಿ ಗೇರ್‌ಬಾಕ್ಸ್ ನಾಲ್ಕರಿಂದ ಮೂರಕ್ಕಷ್ಟೇ ಇಳಿಯುತ್ತಿದೆ, ಎಸ್‌ನಲ್ಲಿ ಎರಡಕ್ಕೆ. ಪೂರ್ತಿ ಒತ್ತಿದರೂ ಡಿ-ಯಲ್ಲಿ ಕಿಕ್‌ಡೌನ್, ಅಂದರೆ ಪೆಡಲ್ ತಳಮುಟ್ಟ ಒತ್ತಿದಾಗ ಗೇರ್ ತಟ್ಟನೆ ಕೆಳಗಿಳಿಯುವುದು, ಆಗುತ್ತಿಲ್ಲ.

ಗೇರ್‌ಬಾಕ್ಸ್ ಒಳಗೆ ಎಣ್ಣೆ ಹರಿಸಿ ಗೇರ್ ಬದಲಿಸುವ ಸೋಲೆನಾಯ್ಡ್? ವಾಲ್ವ್ ಬಾಡಿ? ಎಸ್‌ನಲ್ಲಿ ಅದೇ ಗೇರ್‌ಬಾಕ್ಸ್ ಅದೇ ಎರಡನೇ ಗೇರ್‌ಗೆ ತಡವಿಲ್ಲದೆ ಇಳಿಯುತ್ತಿರುವಾಗ ಯಂತ್ರದಲ್ಲಿ ದೋಷ ಹುಡುಕುವುದು ವ್ಯರ್ಥ. ಸಾಫ್ಟ್‌ವೇರ್ ಅಪ್‌ಡೇಟ್? ಹಳೆಯ ಜಾಬ್ ಕಾರ್ಡ್ ತರಿಸಿ ಓದಿದೆವು. ಅಪ್‌ಡೇಟ್ ಆಗಿದ್ದು ಇನ್ಫೋಟೈನ್‌ಮೆಂಟ್‌ಗೆ. ಅಂದರೆ ಹಾಡು, ಮ್ಯಾಪು ತೋರಿಸುವ ಪರದೆಗೆ.

ತಿರುವು ಕೊಟ್ಟದ್ದು ಮಾಲೀಕರ ಒಂದು ಮಾತು

ಚಹಾ ಕುಡಿಯುತ್ತ ನಿಂತಿದ್ದಾಗ ಅವರು ಹೇಳಿದರು: ಅಳಿಯನ ಕಾರಿನಲ್ಲಿದ್ದ ಥ್ರಾಟಲ್ ಕಂಟ್ರೋಲರ್ ತಂದು ಒಂದು ವಾರ ಹಾಕಿದ್ದೆ, ಆಗ ಡಿ-ಯಲ್ಲೂ ಬಾಣದ ಹಾಗೆ ಹೋಗುತ್ತಿತ್ತು, ಪೂರ್ತಿ ಒತ್ತಿದಾಗ ವ್ಯತ್ಯಾಸ ಇನ್ನೂ ಚೆನ್ನಾಗಿ ಗೊತ್ತಾಗುತ್ತಿತ್ತು.

ಈ ಕೊನೆಯ ಭಾಗ ಗಮನಿಸಬೇಕಾದದ್ದು. ಆ ಪುಟ್ಟ ಪೆಟ್ಟಿಗೆ ಪೆಡಲ್‌ಗೂ ಇಂಜಿನ್ ಕಂಪ್ಯೂಟರ್‌ಗೂ ನಡುವೆ ಕೂತು, ಕಾಲು ಹೇಳಿದ್ದನ್ನು ದೊಡ್ಡದು ಮಾಡಿ ಹೇಳುತ್ತದೆ. ನೀವು 50 ಒತ್ತಿದರೆ 70 ಎಂದು ತಿಳಿಸುತ್ತದೆ. ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ಪೆಡಲ್ ನಿಜವಾಗಿ ನೂರಕ್ಕೆ ನೂರು ಹೋಗುತ್ತಿದ್ದರೆ ಅದರ ಮೇಲೆ ಹೇಳಲು ಏನೂ ಉಳಿಯದು, ಪೆಟ್ಟಿಗೆ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ ಇರಬೇಕು. ಪೂರ್ತಿ ಒತ್ತಿದಾಗಲೂ ಪೆಟ್ಟಿಗೆಯಿಂದ ಲಾಭವಾಗಿದೆ ಎಂದರೆ, ಪೂರ್ತಿ ಎಂದು ಅವರು ಒತ್ತುತ್ತಿದ್ದದ್ದು ಪೂರ್ತಿ ಅಲ್ಲ.

ಪೆಡಲ್‌ನ ಅಂಕಿ ನಮ್ಮ ದಾಖಲೆಯಲ್ಲೇ ಇತ್ತು: ಗರಿಷ್ಠ 68. ಸರ್ವಿಸ್ ಸೆಂಟರ್‌ನ ಸ್ಕ್ಯಾನ್ ಹಾಳೆಯಲ್ಲೂ ಅದೇ ಅಂಕಿ ಇತ್ತು, ಪಕ್ಕದಲ್ಲಿ ಸರಿಯಿದೆ ಎಂದು ಗುರುತು ಹಾಕಿದ್ದರು. ಹಾಗೆ ಹಾಕಿದ್ದಕ್ಕೂ ಕಾರಣವಿದೆ. ಒಬಿಡಿ ತೋರಿಸುವ ಪೆಡಲ್ ಅಂಕಿ ಎಷ್ಟೋ ಕಾರುಗಳಲ್ಲಿ ಸೆನ್ಸರ್‌ನ ವೋಲ್ಟೇಜ್ ಲೆಕ್ಕ. ಕಾಲು ತೆಗೆದಾಗಲೇ 15ರ ಹತ್ತಿರ ತೋರಿಸುತ್ತದೆ, ಪೂರ್ತಿ ಒತ್ತಿದರೂ ನೂರು ಮುಟ್ಟುವುದಿಲ್ಲ. ಹಾಗಾಗಿ 68 ಎಂಬುದನ್ನು ನೋಡಿದ ಮಾತ್ರಕ್ಕೆ ಅದು ಕಡಿಮೆ ಎಂದು ಹೇಳಲಾಗದು. ಅದೇ ಕಾರಿನ ನಿಜವಾದ ಗರಿಷ್ಠ ಎಷ್ಟು ಎಂದು ಗೊತ್ತಿರಬೇಕು.

ಇಂಜಿನ್ ಆಫ್, ಇಗ್ನಿಷನ್ ಆನ್. ಬಗ್ಗಿ ಕೈಯಿಂದಲೇ ಪೆಡಲ್ ಒತ್ತಿದೆವು. 68ಕ್ಕೆ ನಿಂತಿತು, ಮೆತ್ತಗೆ. ಗಟ್ಟಿಯಾದ ಕೊನೆಗೆ ತಗುಲಿದ ಹಾಗಿರಲಿಲ್ಲ. ಕೆಳಗೆ ಚರ್ಮದ ಹೊದಿಕೆಯ, ಒಳಗೆ ಫೋಮ್ ಇರುವ ದಪ್ಪ 7ಡಿ ಮ್ಯಾಟ್. ಅದರ ಮೇಲೆ ಪೆಡಲ್‌ನ ಕೆಳತುದಿ ಒತ್ತಿ ಒತ್ತಿ ಅರ್ಧಚಂದ್ರದಂಥ ಹೊಳಪಿನ ಗುರುತು ಬಿದ್ದಿತ್ತು, ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಮ್ಯಾಟ್ ಎತ್ತಿ ತೆಗೆದು ಮತ್ತೆ ಒತ್ತಿದಾಗ 68 ದಾಟಿ ಇನ್ನಷ್ಟು ಇಳಿಯಿತು. ಕೊನೆಯಲ್ಲಿ ಬೆರಳಿಗೆ ಟಕ್ ಎಂದು ತಾಗಿತು. ಅಂಕಿ 80 ದಾಟಿತು.

ಆ ಟಕ್ ಕಿಕ್‌ಡೌನ್‌ನ ಮೆಟ್ಟಿಲು. ಇನ್ನು ಹೆಚ್ಚು ಒತ್ತಿದರೆ ಇರುವ ಅತಿ ಕೆಳಗಿನ ಗೇರ್ ಕೇಳುತ್ತಿದ್ದೀರಿ ಎಂದು ಕಾಲಿಗೆ ಗೊತ್ತಾಗಲಿ ಎಂದೇ ತಯಾರಕರು ಇಟ್ಟಿರುವುದು. ಮಾಲೀಕರಿಗೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿರಲಿಲ್ಲ. ಮ್ಯಾಟ್ ಯಾವಾಗ ಹಾಕಿಸಿದಿರಿ ಸಾರ್ ಎಂದು ಕೇಳಿದೆವು. ಅದೇ ಸರ್ವಿಸ್ ಆದ ವಾರ, ಹಬ್ಬದ ಆಫರ್‌ನಲ್ಲಿ, ಹೊರಗಿನ ಅಂಗಡಿಯಲ್ಲಿ. ಅಪ್‌ಡೇಟು ಮತ್ತು ಮ್ಯಾಟು ಒಂದೇ ವಾರ ಬಂದವು. ಪರದೆ ಮೇಲೆ ಕಂಡದ್ದರ ಮೇಲೆ ಅನುಮಾನ ಹೋಯಿತು, ಕಾಲಡಿಯದ್ದರ ಮೇಲೆ ಹೋಗಲಿಲ್ಲ.

ಎಸ್ ಮೋಡ್‌ನಲ್ಲಿ ಯಾಕೆ ಸರಿಯಿತ್ತು ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಎಸ್‌ನ ಗೇರ್ ನಕ್ಷೆಗೆ ಎರಡನೇ ಗೇರ್‌ಗೆ ಇಳಿಯಲು ಅಷ್ಟು ಒತ್ತಡ ಬೇಕಿಲ್ಲ, ಮ್ಯಾಟ್ ಬಿಟ್ಟುಕೊಡುತ್ತಿದ್ದಷ್ಟೇ ಸಾಕಿತ್ತು.

ಮ್ಯಾಟ್ ತೆಗೆದಮೇಲೆ

ಅದೇ ರಸ್ತೆ, ಅದೇ ಕ್ರಮ. ಡಿ-ಯ ಸಮಯ ಐದೂಕಾಲರ ಹತ್ತಿರಕ್ಕೆ ಬಂತು, ಎಸ್ ಐದರಲ್ಲೇ ಉಳಿಯಿತು. ನಿಂತಲ್ಲಿಂದ 80ರವರೆಗೆ ಅಳೆದಾಗ ಎರಡರ ನಡುವಿನ ವ್ಯತ್ಯಾಸ ಓಟದಿಂದ ಓಟಕ್ಕೆ ಬರುವ ಏರಿಳಿತದೊಳಗೇ ಮುಳುಗಿಹೋಯಿತು. ಎಂ ಹಾಗೇ ನಾಲ್ಕೂವರೆ.

ಆಮೇಲೆ ಇನ್ನೊಂದು ಸುತ್ತು ಮಾಡಿದೆವು, ನನ್ನ ಲೆಕ್ಕದಲ್ಲಿ ಇದೇ ಹೆಚ್ಚು ಉಪಯೋಗದ್ದು: ಪೆಡಲ್ ಅರ್ಧ ಮಾತ್ರ ಒತ್ತಿ. ಡಿ-ಯಲ್ಲಿ 40ರಿಂದ 80ಕ್ಕೆ ಒಂಬತ್ತು ಸೆಕೆಂಡಿಗೂ ಹೆಚ್ಚು, ಎಸ್‌ನಲ್ಲಿ ಅದಕ್ಕಿಂತ ಎರಡು ಸೆಕೆಂಡಿನಷ್ಟು ಕಡಿಮೆ. ಜನ ಹೇಳುವ "ಎಸ್‌ಗೆ ಹಾಕಿದ್ರೆ ಹಾರುತ್ತೆ" ಇರುವುದು ಇಲ್ಲಿ. ಮೋಡ್‌ಗಳ ನಿಜವಾದ ಅಂತರ ಅರ್ಧ ಒತ್ತಿದ ಪೆಡಲ್‌ನಲ್ಲಿದೆ. ಪರೀಕ್ಷೆಗಳಲ್ಲಿ ಅಳೆಯುವುದು ಮಾತ್ರ ಪೂರ್ತಿ ಒತ್ತಿದ್ದನ್ನು. ಮಾಲೀಕರ ದೈನಂದಿನ ಓಟ ನೋಡಿದರೆ ಅರ್ಧಕ್ಕಿಂತ ಹೆಚ್ಚು ಒತ್ತುವುದು ಅಪರೂಪವೇ. ಡೀಸೆಲ್‌ನ ಕೆಳಗಿನ ಆರ್‌ಪಿಎಂ ಎಳೆತಕ್ಕೆ ಒಗ್ಗಿದ ಕಾಲು ಅದು. ಪೆಟ್ರೋಲ್ ಇಂಜಿನ್ ಕಿರುಚಿದರೆ ಏನೋ ಮುರಿಯುತ್ತದೆ ಎಂಬ ಭಯ ಅವರಿಗಿತ್ತು, 5,000 ಆರ್‌ಪಿಎಂ ಇಂಜಿನ್‌ಗೆ ಶಿಕ್ಷೆಯಲ್ಲ ಎಂದು ನಂಬಿಸಲು ಪಕ್ಕದಲ್ಲಿ ಕೂತು ಓಡಿಸಬೇಕಾಯಿತು.

ರೀಮ್ಯಾಪ್ ಮಾಡಿಸಿದ್ದರೆ ಏನಾಗುತ್ತಿತ್ತು? ಸುಧಾರಿಸುತ್ತಿತ್ತು, ಇದೇ ಅಪಾಯದ ಸಂಗತಿ. ರೀಮ್ಯಾಪ್‌ನಲ್ಲಿ ಸಾಮಾನ್ಯವಾಗಿ ಪೆಡಲ್ ನಕ್ಷೆಯನ್ನೂ ಚುರುಕು ಮಾಡುತ್ತಾರೆ. ಮ್ಯಾಟ್ ಅಡ್ಡವಿದ್ದರೂ ಕಾರು ಮುನ್ನುಗ್ಗುತ್ತಿತ್ತು, ಕಂಪನಿ ಪವರ್ ಇಳಿಸಿತ್ತು ಎಂಬ ನಂಬಿಕೆ ಸಾಬೀತಾದಂತೆ ಕಾಣುತ್ತಿತ್ತು, ವಾರಂಟಿ ಹೋಗಿರುತ್ತಿತ್ತು, ಮ್ಯಾಟ್ ಅಲ್ಲೇ ಇರುತ್ತಿತ್ತು. ಪೆಡಲ್ ಕೆಳಗಿನ ಮ್ಯಾಟ್ ಪಿಕಪ್‌ಗಷ್ಟೇ ಸಂಬಂಧಿಸಿದ್ದೂ ಅಲ್ಲ. 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಸುಮಾರು 38 ಲಕ್ಷ ವಾಹನಗಳ ರೀಕಾಲ್ ಘೋಷಿಸಿದ್ದು ಮ್ಯಾಟ್ ಕಾರಣಕ್ಕೆ. ಅಲ್ಲಿನ ತೊಂದರೆ ಇದರ ತಿರುವುಮುರುವು: ಒತ್ತಿದ ಪೆಡಲ್ ಮ್ಯಾಟ್‌ಗೆ ಸಿಕ್ಕಿ ಮೇಲೆ ಬರದಿರುವುದು. ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಬೇರೆ ಮಾಡೆಲ್‌ಗೆ ಸೇರಿದ ಮ್ಯಾಟ್ ಹಾಕಿದ್ದ ಲೆಕ್ಸಸ್ ಕಾರಿನ ಅಪಘಾತದಲ್ಲಿ ನಾಲ್ವರು ಸತ್ತಿದ್ದರು. ಮಾಲೀಕರಿಗೆ ಇದನ್ನು ಹೇಳಿದಮೇಲೆ ಹಳೆಯ ಮ್ಯಾಟನ್ನು ಮನೆಗೆ ಒಯ್ಯಲೂ ಅವರು ಒಪ್ಪಲಿಲ್ಲ.

ಈ ಅಂಕಿಗಳನ್ನು ಬೇರೆ ಬಗೆಯ ಗೇರ್‌ಬಾಕ್ಸ್‌ಗಳಿಗೆ ಹಾಗೇ ಹೊಂದಿಸಬಾರದು. ಮ್ಯಾನ್ಯುಯಲ್ ಗೇರ್‌ಬಾಕ್ಸನ್ನೇ ಯಂತ್ರದಿಂದ ಬದಲಿಸುವ ಎಎಂಟಿಯಲ್ಲಿ ಗೇರ್ ಬದಲಾಗುವಾಗ ಎಳೆತವೇ ಕಡಿದುಹೋಗುತ್ತದೆ, ಕೈಯಿಂದ ಮೊದಲೇ ಇಳಿಸಿಟ್ಟರೆ ಸಿಗುವ ಲಾಭ ಅಲ್ಲಿ ಇನ್ನೂ ದೊಡ್ಡದು. ಬೆಲ್ಟ್ ಮತ್ತು ಪುಲ್ಲಿಯಿಂದ ನಡೆಯುವ ಸಿವಿಟಿಯಲ್ಲಿ ಗೇರೇ ಇಲ್ಲ, ಎಂ ಮೋಡ್ ಎಂಬುದು ಸಾಫ್ಟ್‌ವೇರ್ ಕಟ್ಟಿದ ಸುಳ್ಳು ಮೆಟ್ಟಿಲು. ಡ್ಯುಯಲ್ ಕ್ಲಚ್‌ನಲ್ಲಿ ಒಂದು ಗೇರ್ ಇಳಿಯುವುದು ಮಿಂಚಿನಂತೆ ಆಗುತ್ತದೆ, ಒಮ್ಮೆಗೇ ಎರಡು ಇಳಿಸಬೇಕಾದಾಗ ಅದೂ ತಡಬಡಾಯಿಸುವುದುಂಟು.

ಈಗ ನಮ್ಮಲ್ಲಿ ಪಿಕಪ್ ದೂರು ಬಂದರೆ ಸ್ಕ್ಯಾನರ್ ಹಾಕಿ ಮೊದಲು ನೋಡುವುದು ಪೆಡಲ್‌ನ ಕನಿಷ್ಠ, ಗರಿಷ್ಠ ಅಂಕಿ, ಅದೂ ಮ್ಯಾಟ್ ಇಟ್ಟು ಒಮ್ಮೆ, ತೆಗೆದು ಒಮ್ಮೆ. ಕಾರಿನ ಮಾಲೀಕರು ದಿನವೂ ಡಿ-ಯಲ್ಲೇ ಓಡಿಸುತ್ತಾರೆ. ಟ್ಯಾಂಕರ್ ಹಿಂದೆ ಸಿಕ್ಕಾಗ ಹೊರಗೆ ಬರುವ ಮುಂಚೆಯೇ ಎಡ ಪ್ಯಾಡಲ್ ಎರಡು ಸಲ ಎಳೆದಿಟ್ಟುಕೊಳ್ಳುತ್ತಾರೆ. ಕಂಪನಿಯ ತೆಳು ಮ್ಯಾಟ್ ಹಾಕಿಸಿದ್ದಾರೆ, ನೆಲದ ಕೊಕ್ಕೆಗೆ ಸಿಕ್ಕಿಸುವಂಥದ್ದು. ರೀಮ್ಯಾಪ್‌ಗೆ ಕೊಟ್ಟ ಅಡ್ವಾನ್ಸ್ ಮಾತ್ರ ವಾಪಸ್ ಬಂದಿಲ್ಲವಂತೆ.